ತಾರೆಯ ಆತ್ಮಕಥೆಯಲ್ಲಿ ನಾಗಕ್ಕನ ಕೂಗು

ಚಿತ್ತಮ್ಮನಿಗೆ ಓದು ಬಾರದು. ಆದರೂ ಆ ವರ್ಷ ಕಡಲೆಕಾಯಿ ಕಿತ್ತು ಮುಗಿಯುವ ಹೊತ್ತಿಗೆ ಅವಳು ಒಂದು ದಪ್ಪ ಪುಸ್ತಕವನ್ನು ಅರ್ಧಕ್ಕಿಂತ ಹೆಚ್ಚು ಕೇಳಿಸಿಕೊಂಡಿದ್ದಳು. ಓದಿ ಹೇಳುತ್ತಿದ್ದವಳು ಮೊಮ್ಮಗಳು ರಂಜಿತಾ, ಹೊಸದುರ್ಗದ ಕಾಲೇಜಿನಲ್ಲಿ ಬಿ.ಎಸ್ಸಿ. ಓದುವ ಹುಡುಗಿ. ಪುಸ್ತಕ, ಇಂದುಪ್ರಭಾ ಎಂಬ ಹಳೆಯ ಸಿನಿಮಾ ತಾರೆಯ ಆತ್ಮಕಥೆ. ಕಾಲೇಜಿನಿಂದ ಬಂದು ಕೈಕಾಲು ತೊಳೆದು ರಂಜಿತಾ ಜಗುಲಿಯ ಮೇಲೆ ಕೂತರೆ ಸಾಕು, ಮಾಡದಕೆರೆ ಪಕ್ಕದ ಆ ಗೊಲ್ಲರಹಟ್ಟಿಯ ನಾಲ್ಕಾರು ಹೆಂಗಸರು ಕಾಯಿ ಬಿಡಿಸುವ ಮೊರ ಹಿಡಿದುಕೊಂಡು ಬಂದು ಸೇರುತ್ತಿದ್ದರು.

ಪುಸ್ತಕ ಅವರನ್ನು ಹಿಡಿದು ಕೂರಿಸಿತ್ತು. ಇಂದುಪ್ರಭಾ ತಮ್ಮ ಬಗ್ಗೆ ಏನನ್ನೂ ಮುಚ್ಚಿಟ್ಟಂತೆ ಕಾಣುತ್ತಿರಲಿಲ್ಲ. ಮೊದಲ ಗಂಡ ಹೊಡೆದದ್ದು, ಎರಡನೆಯವನನ್ನು ತಾವೇ ಬಿಟ್ಟದ್ದು, ಪಾತ್ರ ಕೈತಪ್ಪೀತೆಂದು ಗೆಳತಿಯ ಮೇಲೆ ನಿರ್ಮಾಪಕನ ಹತ್ತಿರ ಚಾಡಿ ಹೇಳಿದ್ದು, ಮುಂದಿನ ಹಲ್ಲು ಕಟ್ಟಿಸಿಕೊಂಡದ್ದು, ಎಲ್ಲವೂ ಅದರಲ್ಲಿತ್ತು.

"ಎದುರಿಗೆ ಕುಂತು ಹೇಳ್ದಂಗೆ ಐತೆ," ಎಂದು ಪಕ್ಕದ ಮನೆಯ ಚಂದ್ರಕ್ಕ ಕಣ್ಣೊರೆಸಿಕೊಳ್ಳುತ್ತಿದ್ದಳು. "ಹಲ್ಲಿನ ವಿಷ್ಯನೇ ಮುಚ್ಚಿಡದೋಳು ಇನ್ನೇನು ಮುಚ್ಚಿಟ್ಟಾಳು ಬಿಡು."

ತನ್ನ ಮಾನ ಹೋಗುವಂಥದ್ದನ್ನೇ ಹೇಳಿಕೊಂಡವಳು ಉಳಿದದ್ದನ್ನೂ ನಿಜವೇ ಹೇಳಿರುತ್ತಾಳೆ: ಇದು ಜಗುಲಿಯ ಮೇಲಿದ್ದವರೆಲ್ಲರ ಲೆಕ್ಕ. ಚಿತ್ತಮ್ಮನ ಲೆಕ್ಕವೂ ಅದೇ ಆಗಿತ್ತು. ಜೊತೆಗೆ ಅವಳಿಗೆ ಈ ಪುಸ್ತಕದ ಮೇಲೆ ಬೇರೆ ಆಸೆಯೂ ಇತ್ತು. ಅದರಲ್ಲಿ ಎಲ್ಲೋ ಒಂದು ಕಡೆ ತಾನು ಬರಬೇಕು.

ಮದುವೆಗೆ ಮುಂಚೆ, ಹದಿನೆಂಟರ ಹುಡುಗಿಯಾಗಿದ್ದಾಗ, ಚಿತ್ತಮ್ಮ ಇಂದುಪ್ರಭಾ ಅವರ ಸೀರೆ ಉಟ್ಟು ಅವರ ಬದಲಿಗೆ ಕ್ಯಾಮೆರಾದ ಮುಂದೆ ನೀರಿಗಿಳಿದಿದ್ದಳು. ಅವಳ ತವರು ಹಟ್ಟಿ ಮಾರಿಕಣಿವೆ ಅಣೆಕಟ್ಟಿನ ಹಿನ್ನೀರಿನ ಅಂಚಿಗೆ, ಹಿರಿಯೂರಿನ ಕಡೆಗೆ ಇತ್ತು. ಸಿನಿಮಾದವರು ಅಲ್ಲಿ ಡೇರೆ ಹಾಕಿದ್ದರು. ನಾಯಕಿ ಕುರಿಮರಿ ಎತ್ತಿಕೊಂಡು ನೀರು ದಾಟಬೇಕು, ಆದರೆ ನಾಯಕಿಗೆ ಈಜು ಬಾರದು. ಅಣೆಕಟ್ಟು ಕಟ್ಟಿದಾಗ ಮುಳುಗಿದ ಹಳೆಯ ಹೊಲ, ಹಳೆಯ ಬಾವಿಗಳು ನೀರಿನ ಕೆಳಗೆ ಎಲ್ಲೆಲ್ಲಿವೆ ಎಂಬುದು ಹಟ್ಟಿಯವರಿಗೆ ಗೊತ್ತಿತ್ತು. ಚಿತ್ತಮ್ಮ ಕಾಲು ಸಿಗುವ ಜಾಗ ತೋರಿಸಿದಳು. ಅಲ್ಲಿ ಬಿಸಿಲು ಸರಿಯಾಗಿ ಬೀಳುವುದಿಲ್ಲವೆಂದು ಕ್ಯಾಮೆರಾದವರು ಅವಳನ್ನು ಪಕ್ಕಕ್ಕೆ ಸರಿಸಿದರು. ಹೋಗುತ್ತ ಹೋಗುತ್ತ ಅವಳು ನೀರಿನೊಳಗಿದ್ದ ಬಾವಿಗೆ ಬಿದ್ದಳು. ಲೈಟಿನವನೊಬ್ಬ ಧುಮುಕಿ ಜಡೆ ಹಿಡಿದು ಎಳೆದ. ಮರಿಯೂ ಬದುಕಿತು.

ಇದಿಷ್ಟನ್ನು ಅವಳು ಗಂಡನಿಗೆ, ಮಕ್ಕಳಿಗೆ, ಸೊಸೆಯಂದಿರಿಗೆ, ಕೇಳಿದವರಿಗೆ ಕೇಳದವರಿಗೆಲ್ಲ ಹೇಳಿದ್ದಳು. ಒಂದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ಬಾವಿಯೊಳಗೆ ಅವಳಿಗೆ ಅವ್ವನ ಕೂಗು ಕೇಳಿಸಿತ್ತು. ಅವ್ವ ನಾಗಕ್ಕ ಕಾಮಾಲೆಯಾಗಿ ಸತ್ತು ಆಗ ಒಂದು ವರ್ಷವಾಗಿತ್ತು.

ಕೂಗು ಅಂದರೆ ಕುರಿಯವರ ಕೂಗು. ಎರಡು ಮೂರು ಮಂದೆಗಳು ನೀರಿನ ಹತ್ತಿರ ಬೆರೆತುಹೋದರೆ ಯಾರೂ ಕುರಿ ಆರಿಸುತ್ತ ಕೂರುವುದಿಲ್ಲ. ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹೋಗಿ ನಿಂತು ತಮ್ಮ ತಮ್ಮ ಮನೆಯ ಕೂಗು ಹಾಕುತ್ತಾರೆ, ಕುರಿಗಳು ತಾವೇ ಬೇರೆಯಾಗಿ ಹೋಗುತ್ತವೆ. ಪ್ರತಿ ಮನೆಗೆ ಎರಡು ಕೂಗು. ಕುರಿ ಕೂಡುವ ರೊಪ್ಪಕ್ಕೆ ಕರೆಯುವುದು ಒಂದು: ಉದ್ದಕ್ಕೆ ಎಳೆದು, ಮೆಲ್ಲಗೆ ಇಳಿಯುತ್ತ ಹೋಗುತ್ತದೆ. ಬೆಳೆಯ ಹೊಲಕ್ಕೋ ಕೊರಕಲಿನ ಅಂಚಿಗೋ ಹೋದ ಕುರಿಯನ್ನು ಅಲ್ಲಿಂದಲೇ ತಿರುಗಿಸುವುದು ಇನ್ನೊಂದು. ಮದುವೆಯಾಗಿ ಬಂದ ಹೆಣ್ಣು ಗಂಡನ ಮನೆಯ ಕೂಗು ಕಲಿಯಬೇಕು, ಇಲ್ಲದಿದ್ದರೆ ಆ ಮನೆಯ ಕುರಿ ಅವಳ ಕಡೆ ತಲೆ ಎತ್ತಿಯೂ ನೋಡವು. ಚಿತ್ತಮ್ಮನಿಗೆ ಅತ್ತೆ ಒಂದು ಬೇಸಿಗೆಯೆಲ್ಲ ಕಲಿಸಿದಳು. ಗಂಡನ ಮನೆಯ ಕೂಗು ಗಂಟಲಿಗೆ ಹತ್ತಿದ ಮೇಲೆ ಅವ್ವನದು ಎಲ್ಲಿ ಹೋಯಿತೋ ಹೋಯಿತು. ತವರಿನಲ್ಲಿ ತಮ್ಮಂದಿರು ಮಂದೆ ಮಾರಿ ಹಿರಿಯೂರಿನ ಕಡಲೆಕಾಯಿ ಮಂಡಿಯ ಕೆಲಸಕ್ಕೆ ಸೇರಿದರು, ಅವರ ಬಾಯಿಂದಲೂ ಅದು ಹೋಯಿತು. ಆ ಕೂಗು ಬಲ್ಲವರು ಈಗ ಭೂಮಿಯ ಮೇಲೆ ಯಾರೂ ಉಳಿದಿರಲಿಲ್ಲ.

ಬಾವಿಯಲ್ಲಿ ಅವ್ವ ಕೂಗಿದ್ದು ಅವಳಿಗೆ ನೆನಪಿತ್ತು, ಕೂಗು ಹೇಗಿತ್ತೆಂಬುದು ನೆನಪಿರಲಿಲ್ಲ. ಅವ್ವ ಕರೆದಳು ಎಂದೇ ಅವಳು ತಿಳಿದಿದ್ದಳು. ಸತ್ತ ಅವ್ವ ಕೆಳಗಿನಿಂದ ಮಗಳನ್ನು ತನ್ನ ಹತ್ತಿರಕ್ಕೆ ಕರೆದಳು, ಮಗಳು ಹೋಗಲಿಲ್ಲ. ಅಂದಮೇಲೆ ಅವ್ವ ಇನ್ನೂ ಕಾಯುತ್ತಿರಬೇಕು. ಪ್ರತಿ ಹೆರಿಗೆಯಲ್ಲಿ, ಪ್ರತಿ ಜ್ವರದಲ್ಲಿ ಚಿತ್ತಮ್ಮ ಆ ಕೂಗಿಗಾಗಿ ಕಿವಿಗೊಟ್ಟು ಮಲಗಿದ್ದಾಳೆ. ಎರಡು ಮೂರು ವರ್ಷದ ಹಿಂದೆ ಅಣೆಕಟ್ಟು ತುಂಬಿ ಹಿನ್ನೀರು ಹೊಸದುರ್ಗದ ಹೊಲಗಳವರೆಗೆ ಬಂದಾಗ, ಊರೆಲ್ಲ ನೋಡಲು ಹೋದರೂ ಅವಳು ಹೋಗಲಿಲ್ಲ. ಮಂದೆಯನ್ನು ದಿಬ್ಬದ ಆಚೆಗೇ ಹೊಡೆದುಕೊಂಡು ಹೋಗುತ್ತಿದ್ದಳು.

ಹಿನ್ನೀರಿನ ಅಧ್ಯಾಯ ಬಂದ ದಿನ ಜಗುಲಿ ತುಂಬಿತ್ತು. ರಂಜಿತಾ ಗಂಟಲು ಸರಿಮಾಡಿಕೊಂಡು ಓದಿದಳು:

"ಬದಲಿ ಹುಡುಗಿ ಬೇಡ, ನಾನೇ ಇಳಿಯುತ್ತೇನೆ ಎಂದು ಹಟ ಹಿಡಿದೆ. ಮರಿಯನ್ನು ಎತ್ತಿಕೊಂಡು ನಡೆದೆ. ಇದ್ದಕ್ಕಿದ್ದಂತೆ ಕಾಲ ಕೆಳಗೆ ನೆಲವಿರಲಿಲ್ಲ. ನೀರಿನೊಳಗೆ, ಮುಳುಗಿದ ಯಾವುದೋ ಊರಿನ ಬಾವಿ ಬಾಯಿ ತೆರೆದುಕೊಂಡಿತ್ತು. ಮೇಲಿನ ನೀರು ಬೆಚ್ಚಗಿತ್ತು, ಬಾವಿಯ ನೀರು ತಣ್ಣಗೆ, ಬೇರೆಯದೇ ಆಗಿತ್ತು. ಕಟ್ಟೆಯ ಕಲ್ಲು ಕೈಗೆ ಸಿಕ್ಕಿತು. ಎಷ್ಟೋ ವರ್ಷ ಹಗ್ಗ ಉಜ್ಜಿ ಆದ ಗೀರುಗಳು ಅದರ ಮೇಲೆ ಹಾಗೇ ಇದ್ದವು, ನನ್ನ ಬೆರಳುಗಳು ಅವುಗಳಲ್ಲಿ ಸರಿಯಾಗಿ ಕೂತವು. ಆಗ ಕೆಳಗಿನಿಂದ, ಸತ್ತುಹೋಗಿದ್ದ ನನ್ನ ಅಮ್ಮ ನನ್ನನ್ನು ಕೂಗಿದಳು. ಅದು ಮಾತಲ್ಲ, ಹೆಸರಲ್ಲ. ಕೂಗು."

ಮೊರಗಳು ನಿಂತವು. ಚಂದ್ರಕ್ಕ ಮೊದಲು ಬಾಯಿ ಬಿಟ್ಟಳು.

"ಅಲ್ಲ ಕಣಕ್ಕ, ನೀರಿಗೆ ಬಿದ್ದಿದ್ದು ನೀನಲ್ವ?"

"ನಾನೇ."

"ಪುಸ್ತಕದಾಗೆ ಆಯಮ್ಮನೇ ಬಿದ್ಲು ಅಂತ ಅಚ್ಚಾಗೈತಲ್ಲ. ಆಯಮ್ಮ ಹೇಳಿದ್ದು ಆಗ ಕೇಳಿಸ್ಕಂಡು, ಬರ್ತಾ ಬರ್ತಾ ನಿಂದೇ ಅಂತ ಮಾಡ್ಕಂಡಿದ್ದೀಯೇನೋ ನೋಡು. ವಯಸ್ಸಾದ್ಮೇಲೆ ಹಂಗಾತೈತೆ."

ಬಾಗಿಲಲ್ಲಿ ನಿಂತಿದ್ದ ಚಿತ್ತಮ್ಮನ ಗಂಡ ಜುಂಜಯ್ಯ ನಕ್ಕ. "ನಲ್ವತ್ತು ವರ್ಷದಿಂದ ಇವಳ ಬಾವಿ ಕತಿ ಕೇಳಿ ನನ್ ಕಿವಿ ತೂತು ಬಿದ್ದವೆ. ಆಯಮ್ಮ ಚೆಂದಾಗಿ ಹೇಳ್ಯಾಳೆ ಬಿಡು. ಇವಳ ಕತ್ಯಾಗೆ ಬರೀ ಸೀರೆ ಒದ್ದೆಯಾಗಿದ್ದೇ ಬರೋದು."

ಚಿತ್ತಮ್ಮ ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಬಲಗೈಯ ಬೆರಳುಗಳನ್ನು ಮಡಿಲಲ್ಲಿ ಇಟ್ಟುಕೊಂಡು ನೋಡುತ್ತಿದ್ದಳು. ಹಗ್ಗದ ಗೀರುಗಳ ಮಾತನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೇಳುವಂಥದ್ದೆಂದು ಅವಳಿಗೆ ಅನ್ನಿಸಿಯೇ ಇರಲಿಲ್ಲ. ಆದರೆ ಈಗ ಕೇಳಿದ ಕೂಡಲೇ ಬೆರಳಿನ ತುದಿಗಳಿಗೆ ಅದು ಗೊತ್ತಾಯಿತು.

ಅಂದಿನಿಂದ ಅವಳ ನೆನಪು ಕೆಡತೊಡಗಿತು. ಕಣ್ಣು ಮುಚ್ಚಿದರೆ ಹಿನ್ನೀರು ಬರುತ್ತಿತ್ತು, ಆದರೆ ಮುಂಚಿನಂತೆ ಒಳಗಿನಿಂದಲ್ಲ. ಈಗ ಅವಳು ದಡದ ಮೇಲೆ ನಿಂತು ನೋಡುತ್ತಿದ್ದಳು. ನೀರಿನಲ್ಲಿ ಇಳಿಯುತ್ತಿದ್ದವಳು ಇಂದುಪ್ರಭಾ. ಒಂದು ಮಧ್ಯಾಹ್ನ ತೊಟ್ಟಿಯಿಂದ ನೀರು ತೋಡುವಾಗ ಮೇಲೆ ಬೆಚ್ಚಗೆ, ಕೈ ಆಳಕ್ಕೆ ಹೋದಂತೆ ತಣ್ಣಗೆ ಇತ್ತು. ಅವಳು ಕೊಡ ಅಲ್ಲೇ ಬಿಟ್ಟು ಬಂದಳು.

ರಂಜಿತಾಗೆ ಅಜ್ಜಿಯ ಮುಖ ನೋಡಿ ಸಮಾಧಾನವಿರಲಿಲ್ಲ. ಅವಳು ಆ ಸಿನಿಮಾವನ್ನು ಫೋನಿನಲ್ಲಿ ಹುಡುಕಿ ತೆಗೆದಳು. ನೀರಿನ ದೃಶ್ಯವನ್ನು ನಿಲ್ಲಿಸಿ ನಿಲ್ಲಿಸಿ ನೋಡಿದಳು. ದೂರದ ಚಿತ್ರದಲ್ಲಿ ಹೆಂಗಸಿನ ಬೆನ್ನು, ಜಡೆ, ಮುಖವಿಲ್ಲ.

"ಇದು ನೀನೇನಜ್ಜಿ?"

ಚಿತ್ತಮ್ಮ ಬಹಳ ಹೊತ್ತು ನೋಡಿದಳು. "ಗೊತ್ತಾಗ್ತಿಲ್ಲ ಕಣೆ. ನನ್ ಬೆನ್ನು ನಾನ್ಯಾವತ್ತು ನೋಡಿದ್ದೀನಿ?"

"ಮುಖ ಬಿಡು, ಕೈ ನೋಡು," ಎಂದಳು ರಂಜಿತಾ. ದೂರದ ಚಿತ್ರದಲ್ಲಿ ಮರಿಯ ಮುಂಗಾಲೆರಡನ್ನೂ ಒಂದೇ ಕೈಯಲ್ಲಿ ಕೂಡಿಸಿ ಹಿಡಿದು, ಅದರ ಹೊಟ್ಟೆಯನ್ನು ಆ ಹೆಂಗಸು ತನ್ನ ಪಕ್ಕೆಗೆ ಒತ್ತಿಕೊಂಡಿದ್ದಳು. ದಡ ಹತ್ತಿದ ಮೇಲಿನ ಹತ್ತಿರದ ಚಿತ್ರದಲ್ಲಿ ಇಂದುಪ್ರಭಾ ಅದೇ ಮರಿಯನ್ನು ಕೂಸಿನ ಹಾಗೆ ತೋಳಿನ ಮೇಲೆ ಮಲಗಿಸಿಕೊಂಡಿದ್ದರು, ಅದು ಒದ್ದಾಡುತ್ತಿತ್ತು. "ಕುರಿ ಸಾಕಿದೋರು ಯಾರಾದ್ರೂ ಹಿಂಗೆ ಹಿಡೀತಾರಾ? ಮೊದಲಿಂದು ನೀನು. ಎರಡನೇದು ಆಯಮ್ಮ." ಆಮೇಲೆ ಪುಸ್ತಕ ತಿರುವಿದಳು. "ಇನ್ನೊಂದು ಐತೆ. ಬಾವಿಯಾಗೆ ಸತ್ತ ಅಮ್ಮ ಕೂಗಿದ್ಲು ಅಂತ ಬರ್ದವರೆ. ಅದೇ ಸಿನಿಮಾ ಬಿಡುಗಡೆ ದಿನ ಅಮ್ಮ ಹೋಳಿಗೆ ಮಾಡಿ ಥಿಯೇಟರಿಗೆ ತಂದ್ಲು ಅಂತ ಮುಂದಿನ ಅಧ್ಯಾಯದಾಗೆ ಐತೆ. ಸತ್ತೋಳು ಹೋಳಿಗೆ ಹೆಂಗೆ ಮಾಡಿದ್ಲು?"

ಜಗುಲಿಯ ಮೇಲೆ ಕೂತು ಕಣ್ಣೊರೆಸಿಕೊಂಡ ಯಾರೂ ಅದನ್ನು ಗಮನಿಸಿರಲಿಲ್ಲ. ಅಚ್ಚು ಹಾಕಿದವರೂ ಗಮನಿಸಿರಲಿಲ್ಲ.

ರಂಜಿತಾಗೆ ಲೆಕ್ಕ ಮುಗಿಯಿತು. ಬಿದ್ದದ್ದು ಅಜ್ಜಿ, ಪುಸ್ತಕ ಸುಳ್ಳು. ಆದರೆ ಚಿತ್ತಮ್ಮನ ಮೈ ಇನ್ನೂ ತಣ್ಣಗಾಯಿತು. ಸುಳ್ಳಾಗಿದ್ದರೆ ಅವಳಿಗೆ ಇಷ್ಟು ಭಯವಾಗುತ್ತಿರಲಿಲ್ಲ.

"ಸತ್ತಿದ್ದು ನಮ್ಮವ್ವ ಕಣೆ," ಎಂದಳು. "ಬಾವಿಯಾಗೆ ಅವ್ವ ಕೂಗಿದ್ಲು. ನಿನಗೂ ಹೇಳಿಲ್ಲ, ನಿನ್ ತಾತಂಗೂ ಹೇಳಿಲ್ಲ. ಆಯಮ್ಮಂಗೆ ಹೆಂಗೆ ಗೊತ್ತಾತು?"

ರಂಜಿತಾ ಪುಸ್ತಕ ಮುಚ್ಚಿದಳು.

"ಹೆಸರು ಹಾಕ್ದಿದ್ರೆ ಹೋಗ್ಲಿ. ಅವ್ವನ ಕೂಗು ನನ್ ಹತ್ರ ಇಲ್ಲ, ಆಯಮ್ಮನ ಹತ್ರ ಐತೆ ಅಂದ್ರೆ ನಾನು ಒಂದ್ಸಲ ಕೇಳ್ಬೇಕು. ನಡಿ, ಹೋಗಾಣ."

ಹೋಗುವ ದಾರಿಯೂ ಆ ವಾರವೇ ಸಿಕ್ಕಿತು. ಇಂದುಪ್ರಭಾ ಊರೂರಿಗೆ ಹೋಗಿ ಪುಸ್ತಕ ಓದಿ ಹೇಳುತ್ತಿದ್ದರು, ಚಿತ್ರದುರ್ಗದಲ್ಲೂ ಒಂದು ಕಾರ್ಯಕ್ರಮವಿತ್ತು. ಅದನ್ನು ನಡೆಸುತ್ತಿದ್ದವನು ಮುರುಗೇಶಪ್ಪ ಎಂಬ ಪುಸ್ತಕದಂಗಡಿಯವನು. ರಂಜಿತಾ ಅವನಿಗೆ ಫೋನು ಮಾಡಿ, ತಮ್ಮ ಅಜ್ಜಿ ಹಿನ್ನೀರಿನ ಶೂಟಿಂಗಿನಲ್ಲಿದ್ದವಳೆಂದಳು.

"ಎಲ್ಲಾ ಊರಾಗೂ ಒಬ್ಬೊಬ್ರು ಹಿಂಗೇ ಫೋನ್ ಮಾಡ್ತಾರಮ್ಮ," ಎಂದು ಅವನು ನಗಾಡಿದ. "ಹೋದ ವಾರ ಒಬ್ಬ, ನಾನೇ ಅವರ ಮೊದಲ್ನೇ ಗಂಡ ಅಂತಂದ. ಆಗ್ಲಿ, ಕರ್ಕಂಡು ಬರ್ರಿ. ಕಾರ್ಯಕ್ರಮಕ್ಕೆ ಮುಂಚೆ ಒಂದು ಗಳಿಗೆ ಮಾತಾಡಿಸ್ತೀನಿ."

ಅಜ್ಜಿ, ಮೊಮ್ಮಗಳು ಹೊಳಲ್ಕೆರೆಯ ಮೇಲಿನ ಬಸ್ಸು ಹಿಡಿದರು. ದಾರಿಯುದ್ದಕ್ಕೂ ಚಿತ್ತಮ್ಮ ಸೀರೆಯ ಸೆರಗನ್ನು ಬಾಯಿಗೆ ಒತ್ತಿಕೊಂಡು, ಗಂಟಲಿನೊಳಗೇ ಏನನ್ನೋ ಹುಡುಕುತ್ತಿದ್ದಳು. ಪ್ರತಿ ಸಲವೂ ಅತ್ತೆ ಕಲಿಸಿದ ಕೂಗೇ ಬರುತ್ತಿತ್ತು.

ಇಂದುಪ್ರಭಾ ಗೆಸ್ಟ್ ಹೌಸಿನ ವರಾಂಡದಲ್ಲಿ ಬೆತ್ತದ ಕುರ್ಚಿಯ ಮೇಲೆ ಕೂತಿದ್ದರು. ಎಪ್ಪತ್ತು ದಾಟಿದ ಹೆಂಗಸು, ಕತ್ತರಿಸಿದ ಬಿಳಿಕೂದಲು, ತೆಳ್ಳನೆಯ ಮೈ. ಚಿತ್ತಮ್ಮನನ್ನು ನೋಡಿ ಎದ್ದು ನಿಂತು ಕೈ ಮುಗಿದರು. "ಬನ್ನಿ, ಕೂತ್ಕೊಳ್ಳಿ. ಆ ಶೂಟಿಂಗಲ್ಲಿ ಇದ್ರಂತಲ್ಲ? ಎಷ್ಟು ಸಂತೋಷ ಗೊತ್ತಾ? ಆ ದಿನ ಕಂಡವರು ಯಾರೂ ಈಗ ನನಗೆ ಸಿಗೋದೇ ಇಲ್ಲ."

"ನೀರಿಗೆ ಇಳಿದಿದ್ದು ನಾನು ಕಣ್ರಮ್ಮ," ಎಂದಳು ಚಿತ್ತಮ್ಮ.

ಇಂದುಪ್ರಭಾ ನಕ್ಕರು. ಕೊಂಕಿನ ನಗುವಲ್ಲ. "ಇಲ್ಲಮ್ಮ. ನಿಮ್ಮನ್ನ ಅದಕ್ಕೇ ಕರೆಸಿದ್ದು ನಿಜ, ಆದರೆ ಕೊನೇಲಿ ನಾನೇ ಇಳಿದೆ. ನನಗೆ ಮೊನ್ನೆ ಆದ ಹಾಗೆ ನೆನಪಿದೆ." ಅವರು ಕಣ್ಣು ಅರ್ಧ ಮುಚ್ಚಿ ಹೇಳತೊಡಗಿದರು. ತಣ್ಣನೆಯ ನೀರು, ಕಟ್ಟೆಯ ಕಲ್ಲು, ಗೀರುಗಳು. ಹೇಳುವಾಗ ಅವರ ಬಲಗೈ ಕುರ್ಚಿಯ ತೋಳನ್ನು ತಡವುತ್ತಿತ್ತು. ಬೆರಳುಗಳು ಒಂದೊಂದಾಗಿ ಬಾಗಿ, ಯಾವುದೋ ಗೀರಿನಲ್ಲಿ ಕೂರುವಂತೆ ಕೂತವು. ಚಿತ್ತಮ್ಮ ತನ್ನ ಕೈ ನೋಡಿಕೊಂಡಳು. ಅದೂ ಬೆಂಚಿನ ಅಂಚಿನಲ್ಲಿ ಹಾಗೆಯೇ ಕೂತಿತ್ತು.

ಈ ಹೆಂಗಸು ಸುಳ್ಳು ಹೇಳುತ್ತಿಲ್ಲ ಎಂದು ಅವಳಿಗೆ ಖಾತ್ರಿಯಾಯಿತು. ಬಂದ ಭಯಕ್ಕೆ ಅದೇ ಕಾರಣ.

ರಂಜಿತಾ ಮೆಲ್ಲಗೆ ಕೇಳಿದಳು. "ಮೇಡಂ, ಆ ಸಿನಿಮಾ ಬಿಡುಗಡೆ ದಿನ ನಿಮ್ಮಮ್ಮ ಹೋಳಿಗೆ ತಂದಿದ್ರು ಅಂತ ಬರೆದಿದ್ದೀರಿ. ಹಾಗಾದ್ರೆ ಶೂಟಿಂಗ್ ಟೈಮಲ್ಲಿ ಅವರು ಬದುಕಿದ್ರಲ್ವಾ?"

"ಬದುಕಿದ್ದಳಲ್ಲ," ಎಂದರು ಇಂದುಪ್ರಭಾ. ಮುಖದ ಮೇಲಿನ ನಗು ಹಾಗೇ ಇತ್ತು, ಅದರ ಹಿಂದಿನದು ಜಾರಿಹೋಯಿತು. "ಆಮೇಲೂ ಹನ್ನೆರಡು ವರ್ಷ ಇದ್ದಳು. ನನ್ನ ಕೈಯಲ್ಲೇ ಹೋದಳು." ಅವರೇ ಕೇಳಿದರು, "ಮತ್ತೆ ಕೂಗಿದ್ದು ಯಾರು?"

"ಅದನ್ನೇ ಕೇಳಾಕೆ ಬಂದಿದ್ದೀನಿ," ಎಂದಳು ಚಿತ್ತಮ್ಮ. "ಹೆಂಗೆ ಕೂಗಿದ್ಲು? ಒಂದ್ಸಲ ಕೂಗಿ ತೋರಿಸ್ರಿ."

"ಅದು ಕುರಿಯವರ ಕೂಗು. ನಮ್ಮಮ್ಮ ಪೇಟೆ ಹೆಂಗಸು. ಜೀವಮಾನದಲ್ಲಿ ಕುರಿ ಮುಟ್ಟಿದವಳಲ್ಲ." ಇಂದುಪ್ರಭಾ ಚಿತ್ತಮ್ಮನಿಗಲ್ಲ, ತಮಗೇ ಹೇಳಿಕೊಳ್ಳುತ್ತಿದ್ದರು. "ಅದು ನಿದ್ದೆಯಲ್ಲಿ ನನ್ನ ಬಾಯಿಂದ ಬರತ್ತೆ. ಎರಡನೇ ಗಂಡ ಹೆದರಿ ಬೇರೆ ರೂಮಿಗೆ ಹೋಗ್ತಿದ್ದ. ಪುಸ್ತಕದಲ್ಲಿ ಅದನ್ನ ಮಾತ್ರ ಬರೆಯಲಿಲ್ಲ."

ಅವರು ಬೆನ್ನು ನೆಟ್ಟಗೆ ಮಾಡಿ ಕೂಗಿದರು.

ಗಂಟಲಿನ ಆಳದಿಂದ ಹೊರಟ ದನಿ ಮೇಲಕ್ಕೇರಿತು, ಏರಿದ ತುದಿಯಲ್ಲಿ ಪಟ್ಟನೆ ಮುರಿಯಿತು, ಅದರ ಬೆನ್ನಿಗೇ ನಾಲಗೆ ಅಂಗುಳಕ್ಕೆ ಎರಡು ಸಲ ಬಡಿಯಿತು. ಗೆಸ್ಟ್ ಹೌಸಿನ ಅಂಗಳದಲ್ಲಿ ಕಸ ಗುಡಿಸುತ್ತಿದ್ದವಳು ಪೊರಕೆ ಎತ್ತಿ ಹಿಡಿದು ನಿಂತುಬಿಟ್ಟಳು. ಆ ತೆಳ್ಳನೆಯ, ಬಿಳಿಕೂದಲ ಹೆಂಗಸಿನ ಬಾಯಿಂದ ಬಂದದ್ದು ಅವರ ದನಿಯಾಗಿರಲಿಲ್ಲ. ಎಲೆಅಡಿಕೆ ಹಾಕಿ ಒರಟಾದ, ಬಿಸಿಲಿನಲ್ಲಿ ಒಣಗಿದ, ನಲವತ್ತರ ಆಸುಪಾಸಿನ ಹಟ್ಟಿಯ ಹೆಂಗಸಿನ ದನಿ.

ಚಿತ್ತಮ್ಮ ಬೆಂಚಿನ ತುದಿಗೆ ಸರಿದು ಕೂತಳು.

"ಅವ್ವ," ಎಂದಳು. ಆಮೇಲೆ, "ಇನ್ನೊಂದ್ಸಲ."

ಇಂದುಪ್ರಭಾ ಇನ್ನೊಮ್ಮೆ ಕೂಗಿದರು. ಅದೇ ಏರಿಕೆ, ಅದೇ ಮುರಿತ, ಅವೇ ಎರಡು ಬಡಿತ.

"ಇದು ಕರೆಯೋ ಕೂಗಲ್ಲ," ಎಂದಳು ಚಿತ್ತಮ್ಮ. ಅವಳ ದನಿ ಬಹಳ ಸಣ್ಣದಾಗಿತ್ತು. "ಕರೆಯೋದು ಉದ್ದಕ್ಕೆ ಇಳೀತೈತೆ. ಇದು ತಿರುಗಿಸೋದು. ಮರಿ ಕೊರಕಲ ಅಂಚಿಗೆ ಹೋದ್ರೆ ಅವ್ವ ಹಿಂಗೇ ಕೂಗ್ತಿದ್ಲು. ರಂಜೀ, ಅವ್ವ ನನ್ನ ಬಾ ಅಂದಿಲ್ಲ ಕಣೆ. ಹೋಗು ಅಂದವಳೆ. ಮ್ಯಾಲಕ್ಕೆ ಹೋಗು ಅಂದವಳೆ."

ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ರಂಜಿತಾ ಅವಳ ಬೆನ್ನ ಮೇಲೆ ಕೈ ಇಟ್ಟಳು. ಇಂದುಪ್ರಭಾ ಮಾತ್ರ ಕುರ್ಚಿಯಲ್ಲಿ ಹಿಂದಕ್ಕೆ ಹಿಂದಕ್ಕೆ ಸರಿಯುತ್ತಿದ್ದರು.

"ಡೇರೆಯಲ್ಲಿ ಒಂದು ಹುಡುಗಿ ಮಲಗಿತ್ತು," ಎಂದರು. "ಜ್ವರ ಸುಡ್ತಿತ್ತು. ಒದ್ದೆ ಕೂದಲು. ನಾನು ಅದರ ಕೈ ಹಿಡ್ಕೊಂಡು ಕೂತಿದ್ದೆ, ನನ್ನ ಬದಲಿಗೆ ಬಿತ್ತಲ್ಲ ಅಂತ. ಅದು ಜ್ವರದಲ್ಲಿ ಮಾತಾಡ್ತಾನೇ ಇತ್ತು. ಕಲ್ಲು, ಗೀರು, ಅವ್ವ. ಬೆರಳಲ್ಲಿ ನನ್ನ ಅಂಗೈ ಮೇಲೆ ಗೀರು ಎಳೀತಿತ್ತು. ನಡುನಡುವೆ ಇದೇ ಕೂಗು. ನಾನು ನಟಿ. ಕೇಳಿದ್ದನ್ನ ಬಾಯಿಗೆ ತಗೊಳ್ಳೋದೇ ನನ್ನ ಕೆಲಸ." ಅವರು ಚಿತ್ತಮ್ಮನತ್ತ ನೋಡಿದರು. "ಅದೂ ನೆನಪಿದೆ ನನಗೆ, ನೀರೂ ನೆನಪಿದೆ. ಎರಡೂ ಒಂದೇ ಥರ ನೆನಪಿದೆ. ಹಾಗಾದ್ರೆ ಆ ಪುಸ್ತಕದಲ್ಲಿ ಇನ್ನೂ ಏನೇನು ನಂದಲ್ಲ?"

ಚಿತ್ತಮ್ಮನಿಗೆ ಡೇರೆಯಾಗಲಿ, ಜ್ವರವಾಗಲಿ, ಪಕ್ಕದಲ್ಲಿ ಕೂತ ನಟಿಯಾಗಲಿ ನೆನಪಿರಲಿಲ್ಲ. ತನ್ನ ಬದುಕಿನ ಆ ಒಂದು ತುಣುಕು ಇವರ ಹತ್ತಿರ ಮಾತ್ರ ಉಳಿದಿತ್ತು. ಅವಳು ಎದ್ದು ಹೋಗಿ ಅವರ ಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು. "ಕಲಿಸ್ರಿ," ಎಂದಳು.

ಮುರುಗೇಶಪ್ಪ ಹೊತ್ತಾಯಿತೆಂದು ಹೇಳಲು ಬಂದವನು ಕಂಬದ ಹತ್ತಿರ ನಿಂತುಕೊಂಡ. ಇಂದುಪ್ರಭಾ ಕೂಗುತ್ತಿದ್ದರು, ಚಿತ್ತಮ್ಮ ಹಿಂದೆಯೇ ಕೂಗುತ್ತಿದ್ದಳು. ಮೊದಮೊದಲು ಅತ್ತೆಯ ಕೂಗು ಅಡ್ಡ ಬಂತು. ಆಮೇಲೆ ತುದಿಯ ಮುರಿತ ಸಿಕ್ಕಿತು. ಕೊನೆಗೆ ಒಂದು ಸಲ ಅವಳ ಗಂಟಲಿನಿಂದ ಅದು ಇಡಿಯಾಗಿ, ತಾನೇ ತಾನಾಗಿ ಹೊರಟು ಬಂತು. ಇದು ಅನುಕರಣೆಯಲ್ಲ ಎಂದು ಕೇಳಿದವರಿಗೆಲ್ಲ ಗೊತ್ತಾಯಿತು.

"ಹಾಗೇ," ಎಂದು ಇಂದುಪ್ರಭಾ ಸಂತೋಷದಿಂದ ತಾವೂ ಕೂಗಲು ಬಾಯಿ ತೆರೆದರು. ಬರಿ ಗಾಳಿ ಬಂತು. ಇನ್ನೊಮ್ಮೆ ಪ್ರಯತ್ನಿಸಿದರು. ಗಾಳಿ. ಕತ್ತಿನ ಮೇಲೆ ಕೈ ಇಟ್ಟುಕೊಂಡು, ನಗಲು ನೋಡಿ, "ದಣಿವಾಗಿರಬೇಕು," ಎಂದರು.

ಸಭಾಂಗಣ ತುಂಬಿತ್ತು. ಹೆಚ್ಚಿನವರ ಮಡಿಲಲ್ಲಿ ಪುಸ್ತಕವಿತ್ತು. ಅಜ್ಜಿ, ಮೊಮ್ಮಗಳಿಗೆ ಹಿಂದಿನ ಸಾಲಿನಲ್ಲಿ ಜಾಗ ಸಿಕ್ಕಿತು. ಇಂದುಪ್ರಭಾ ಮೊದಲು ಬಾಲ್ಯ ಓದಿದರು, ಜನ ನಕ್ಕರು. ಮೊದಲ ಮದುವೆ ಓದಿದರು, ಜನ ಸುಮ್ಮನಾದರು. ಆಮೇಲೆ ಯಾರೋ ಕೂಗಿ ಕೇಳಿದರು, "ಬಾವಿ ಓದಿ ಮೇಡಂ, ಬಾವಿ!" ಚಪ್ಪಾಳೆ ಬಿತ್ತು.

ಇಂದುಪ್ರಭಾ ಪುಟ ತೆಗೆದರು. ನೀರಿಗಿಳಿದದ್ದು ಓದಿದರು. ನೆಲ ಇಲ್ಲವಾದದ್ದು ಓದಿದರು. ಓದುತ್ತ ಓದುತ್ತ ದನಿ ಇಳಿಯಿತು. "ಆಗ ಕೆಳಗಿನಿಂದ," ಎಂದವರು ಮುಂದಕ್ಕೆ ಹೋಗಲಿಲ್ಲ. ಬಾಯಿ ತೆರೆದೇ ಇತ್ತು. ಎದೆ ಏರುತ್ತಿರಲಿಲ್ಲ. ಎಡಗೈ ಮೈಕಿನ ಕಂಬವನ್ನು ಮೇಲೆ ಕೆಳಗೆ ತಡವುತ್ತಿತ್ತು, ಹಿಡಿಯಲು ಏನೂ ಸಿಗದ ಕೈಯ ಹಾಗೆ. ಎಂಥ ಅಭಿನಯ ಎಂದು ಮುಂದಿನ ಸಾಲಿನವರು ಪಿಸುಗುಟ್ಟಿಕೊಂಡರು. ಯಾರೋ ಚಪ್ಪಾಳೆ ಶುರುಮಾಡಿದರು, ಉಳಿದವರು ಸೇರಿದರು.

"ಅಜ್ಜಿ," ರಂಜಿತಾ ಅವಳ ಕೈ ಗಟ್ಟಿಯಾಗಿ ಹಿಡಿದಳು, "ಈಗ ಎದ್ದು ಹೇಳು. ಎಲ್ಲಾರಿಗೂ ಗೊತ್ತಾಗ್ಲಿ ನೀನೇ ಅಂತ."

ಚಿತ್ತಮ್ಮ ಅವಳ ಮಾತು ಕೇಳಿಸಿಕೊಳ್ಳಲಿಲ್ಲ. ಅವಳು ವೇದಿಕೆಯ ಮೇಲಿನ ಮುಖವನ್ನೇ ನೋಡುತ್ತಿದ್ದಳು. ಬಾವಿಯೊಳಗೆ ಇರುವವರ ಮುಖ ಹೇಗಿರುತ್ತದೆಂದು ಅವಳಿಗೆ ಇದುವರೆಗೆ ಗೊತ್ತಿರಲಿಲ್ಲ. ಒಳಗಿದ್ದವಳಿಗೆ ತನ್ನ ಮುಖ ಕಾಣುವುದಿಲ್ಲ. ಈಗ ಕಂಡಿತು. ಅವರನ್ನು ತಿರುಗಿಸುವ ಕೂಗು ಇನ್ನು ಉಳಿದದ್ದು ಅವಳ ಗಂಟಲಿನಲ್ಲಿ ಮಾತ್ರ.

ಅವಳು ಎದ್ದು ನಿಂತು ಕೂಗಿದಳು.

ಚಪ್ಪಾಳೆ ಕತ್ತರಿಸಿದ ಹಾಗೆ ನಿಂತಿತು. ತಲೆಗಳೆಲ್ಲ ಹಿಂದಕ್ಕೆ ತಿರುಗಿದವು. ತುದಿಯ ಎರಡು ಬಡಿತ ಗೋಡೆಗೆ ತಾಗಿ ಹಿಂದಿರುಗಿ ಬಂದವು. ವೇದಿಕೆಯ ಮೇಲೆ ಇಂದುಪ್ರಭಾ ಉದ್ದಕ್ಕೆ, ಸದ್ದಾಗುವಂತೆ, ಒಂದೇ ಸಲಕ್ಕೆ ಅಷ್ಟೂ ಉಸಿರನ್ನು ಎಳೆದುಕೊಂಡರು. ಮೈಕಿನಲ್ಲಿ ಅದು ಎಲ್ಲರಿಗೂ ಕೇಳಿಸಿತು. ಅವರು ಮೈಕಿನ ಕಂಬ ಬಿಟ್ಟು, ಎರಡೂ ಕೈಯಿಂದ ಪುಸ್ತಕ ಮುಚ್ಚಿದರು.

"ಈ ಪುಟ ನಾನು ಓದಲ್ಲ," ಎಂದರು. ಈ ಸಲ ದನಿ ಅವರದೇ ಆಗಿತ್ತು. "ಇದು ನಂದಲ್ಲ. ಕೂಗಿದರಲ್ಲ, ಅವರದು. ಕೇಳಬೇಕು ಅನ್ನಿಸಿದರೆ ಅವರನ್ನೇ ಕೇಳಿ."

ಜನಕ್ಕೆ ಏನೂ ತಿಳಿಯಲಿಲ್ಲ. ಕೆಲವರು ಮಡಿಲಿನ ಪುಸ್ತಕ ತೆರೆದು ಆ ಪುಟ ಹುಡುಕಿದರು. ಅದರಲ್ಲಿ ಬೇರೆಯೇ ಅಚ್ಚಾಗಿತ್ತು. ಕೆಲವರು ಪುಟವನ್ನೂ ಹಿಂದಿನ ಸಾಲಿನ ಮುದುಕಿಯನ್ನೂ ಸರದಿಯ ಮೇಲೆ ನೋಡಿದರು, ಯಾವುದನ್ನು ನಂಬಬೇಕೆಂದು ಗೊತ್ತಾಗದವರಂತೆ. ಚಿತ್ತಮ್ಮನ ಪಕ್ಕ ಕೂತಿದ್ದ ಹೆಂಗಸು ತನ್ನ ಚೀಲವನ್ನು ಮೆಲ್ಲಗೆ ಎತ್ತಿಕೊಂಡು ಎರಡು ಕುರ್ಚಿ ಆಚೆಗೆ ಹೋಗಿ ಕೂತಳು.

ಒಬ್ಬ ಮುದುಕ ಮಾತ್ರ, ಮುಂಡಾಸಿನವನು, ಬಾಗಿ ಕೇಳಿದ. "ಏನಮ್ಮ, ಯಾವ ಹಟ್ಟಿ ಕೂಗು ಇದು? ಎಲ್ಲೂ ಕೇಳಿಲ್ಲ."

"ನಮ್ಮವ್ವಂದು," ಎಂದು ಚಿತ್ತಮ್ಮ ಕೂತಳು.